ಹಸಿ ಬಣ್ಣದ ಮೇಲೊಂದು ಹೆಬ್ಬೆಟ್ಟು

ಬಣ್ಣದಕ್ಕ ಅಳಲಿಲ್ಲ. ಗಂಡ ಸತ್ತ ದಿನ ಅಳಲಿಲ್ಲ, ಮರುದಿನವೂ ಅಳಲಿಲ್ಲ, ಬಂದ ನೆಂಟರೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಮೇಲೂ ಅಳಲಿಲ್ಲ. ಬಂದವರಿಗೆ ಇದು ದೊಡ್ಡ ಪೀಕಲಾಟವಾಯಿತು. ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದವರು, ಹೇಳಿಸಿಕೊಳ್ಳುವವಳೇ ಸಿಗದಿದ್ದರೆ ಅವನ್ನು ಎಲ್ಲಿಗೆ ಹೊತ್ತೊಯ್ಯಬೇಕು? ಅವರಿಗೆಲ್ಲ ಅವಳೇ ಟೀ ಮಾಡಿ ಕೊಟ್ಟಳು, ಯಾರಿಗೆ ಸಕ್ಕರೆ ಬೇಡ ಎಂದು ಕೇಳಿಕೊಂಡು. ಅತ್ತರೆ ನಾಟಕ, ಅಳದಿದ್ದರೆ ಕಲ್ಲೆದೆ. ಊರ ಬಾಯಿಗೆ ಮುಚ್ಚಳ ಮಾಡಿದವರು ಇನ್ನೂ ಹುಟ್ಟಿಲ್ಲ.

ಊರಿನ ಮಾತು ಹಾಳಾಗಿ ಹೋಗಲಿ. ಗಂಡನ ಅಕ್ಕನೇ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದರು: "ನನ್ನ ತಮ್ಮನಿಗೆ ಒಂದು ಹನಿ ಕಣ್ಣೀರು ಹಾಕ್ಲಿಲ್ವಲ್ಲೇ! ಇಷ್ಟು ವರ್ಷ ಜೊತೇಲಿ ಬಾಳಿ, ನಿನಗೇನೂ ಅನ್ನಿಸ್ಲೇ ಇಲ್ವಾ?" ಅತ್ತಿಗೆ ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದವರೂ ತಡವರಿಸುತ್ತಿದ್ದರು. ಬಣ್ಣದಕ್ಕನಿಗಂತೂ ಉತ್ತರವೇ ಗೊತ್ತಿರಲಿಲ್ಲ.

ಅತ್ತಿಗೆ ಹೋದರು, ಪ್ರಶ್ನೆ ಮನೆಯಲ್ಲೇ ಉಳಿಯಿತು. ಹಲ್ಲುಜ್ಜುವಾಗ, ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ ಅವಳೇ ತನ್ನನ್ನು ಕೇಳಿಕೊಳ್ಳುತ್ತಿದ್ದಳು: ಏನೂ ಅನ್ನಿಸಲಿಲ್ಲವಾ? ಇಲ್ಲ, ಅನ್ನಿಸಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿಕೊಂಡರೂ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಅವಳಿಗೆ ಹೆದರಿಕೆಯಾಗಿದ್ದು ಒಂದೇ ವಿಷಯಕ್ಕೆ. ಅತ್ತಿಗೆ ಹೇಳಿದ್ದೇ ನಿಜವಾಗಿದ್ದರೆ? ತಾನು ಇಷ್ಟು ಕಾಲ ಪ್ರೀತಿ ಎಂದುಕೊಂಡಿದ್ದು ಬರೀ ಅಭ್ಯಾಸವಾಗಿದ್ದರೆ?

ಅವಳ ಗಂಡ ರೈಲಿನ ಡ್ರೈವರ್. ಹಾಗೆಂದ ಕೂಡಲೇ ಜನ ಊರೂರು ಕಂಡವನು ಎಂದುಕೊಳ್ಳುತ್ತಾರೆ. ಅವನದು ಗೂಡ್ಸ್ ಯಾರ್ಡಿನ ಶಂಟಿಂಗ್ ಎಂಜಿನ್. ಖಾಲಿ ಬೋಗಿಗಳನ್ನು ಈ ಹಳಿಯಿಂದ ಆ ಹಳಿಗೆ ದಬ್ಬುವುದು, ಮತ್ತೆ ಎಳೆದು ತರುವುದು. "ಜೀವಮಾನವಿಡೀ ರೈಲು ಓಡಿಸಿದೆ ಕಣೇ, ಊರ ಗಡಿ ದಾಟ್ಲಿಲ್ಲ," ಎಂದು ಅವನೇ ನಗುತ್ತಿದ್ದ. ಅವಳದು ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಗಿರಾಕಿ ಹಳೇ ಕಿಟಕಿಯ ಚಕ್ಕೆಯೊಂದನ್ನು ತಂದು ತೋರಿಸಿದರೆ ಸಾಕು, ಅದೇ ಬಣ್ಣ ಡಬ್ಬಿಯಲ್ಲಿ ಬಂದು ಕೂರುತ್ತಿತ್ತು. ಯಾರ್ಡಿನವರು ಅವಳನ್ನು ಬಣ್ಣದಕ್ಕ ಎಂದು ಕರೆಯತೊಡಗಿದ್ದು ಅದಕ್ಕೇ. ಕೊನೆಗೆ ಇಡೀ ಓಣಿ ಹಾಗೆಯೇ ಕರೆಯಿತು.

ಇಬ್ಬರ ನಿಜವಾದ ಸಂಸಾರ ನಡೆದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಎರಡು ಮೇಜು, ಎದುರುಬದುರು. ಅವನ ಮೇಜಿನ ಮೇಲೆ ಸಣ್ಣ ಚಾಕು, ಇಕ್ಕಳ, ಪ್ಲಾಸ್ಟಿಕ್ ಹಾಳೆ, ಹಿತ್ತಾಳೆ ತಂತಿ, ಅಂಟು. ಕಿಟಕಿ ಪಕ್ಕದ ಅವಳ ಮೇಜಿನ ಮೇಲೆ ಬಣ್ಣ ಊದುವ ಏರ್‌ಬ್ರಷ್, ಕೆಳಗೆ ಏದುಸಿರು ಬಿಡುವ ಕಂಪ್ರೆಸರ್, ಸಾಲು ಸಾಲು ಶೀಶೆ. ಅವನು ಕಟ್ಟುತ್ತಿದ್ದ, ಅವಳು ಬಳಿಯುತ್ತಿದ್ದಳು. ಗೇಣುದ್ದದ ಎಂಜಿನ್ನು, ಬೆಂಕಿಪೊಟ್ಟಣದಷ್ಟು ಕಾರು, ಹಾಲಿನ ಟ್ಯಾಂಕರು, ಮರಳಿನ ಲಾರಿ, ಸಿಟಿ ಬಸ್ಸು. ಬಸ್ಸಿನ ಬಾಗಿಲ ಕಂಬಿಯನ್ನೂ ಅವನು ತಂತಿ ಬಗ್ಗಿಸಿ ಮಾಡುತ್ತಿದ್ದ. ಜನ ಹಿಡಿದು ಹಿಡಿದು ಆ ಕಂಬಿಯ ಬಣ್ಣ ಎಲ್ಲಿ ಸವೆದಿರಬೇಕೋ ಅಲ್ಲೇ ಅವಳು ಸವೆಸುತ್ತಿದ್ದಳು. ಹೊಸದನ್ನು ಹಳೆಯದು ಮಾಡುವುದರಲ್ಲಿ ಅವಳದು ಎತ್ತಿದ ಕೈ. ತೆಳ್ಳಗಿನ ಕಂದು ಬಣ್ಣವನ್ನು ಸಂದಿಗಳಿಗೆ ಬಿಟ್ಟು ಒರೆಸಿದರೆ ಎಣ್ಣೆಜಿಡ್ಡು, ಸ್ಪಂಜಿನ ಚೂರಿನಿಂದ ತಟ್ಟಿದರೆ ತುಕ್ಕು, ಇದ್ದಿಲ ಪುಡಿ ತೀಡಿದರೆ ಹೊಗೆ. "ತೊಳೆದ ರೈಲು ಆಟಿಕೆ, ಕೊಳೆಯಾದ ರೈಲೇ ರೈಲು," ಎನ್ನುವುದು ಅವಳ ಮಾತು.

ಗಂಡನಲ್ಲಿ ಇದ್ದದ್ದು ಒಂದೇ ದೋಷ: ಬಣ್ಣ ಒಣಗುವ ತನಕ ತಡೆಯಲಾರ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅವನನ್ನು ನೋಡಿಯೇ ಮಾಡಿರಬೇಕು. ಅವಳು ಬಳಿದಿಟ್ಟು ಅತ್ತ ತಿರುಗುವುದೇ ತಡ, "ಒಣಗ್ತಾ?" ಎಂದು ಬಂದು ಹೆಬ್ಬೆರಳು ಊರಿಬಿಡುತ್ತಿದ್ದ. ಅವನ ಹೆಬ್ಬೆರಳೋ, ಬಡಿದು ಚಪ್ಪಟೆ ಮಾಡಿದಂಥ ಮೋಟು ಬೆರಳು, ಉಗುರಿಗೆ ಉದ್ದಕ್ಕಿಂತ ಅಗಲ ಹೆಚ್ಚು. ಅದರ ಗೆರೆಗಳೆಲ್ಲ ಬಣ್ಣದ ಮೇಲೆ ಅಚ್ಚೊತ್ತಿದ ಹಾಗೆ ಮೂಡುತ್ತಿದ್ದವು.

"ಏನ್ರೀ ಹೆಬ್ಬೆಟ್ಟು! ಸಹಿ ಮಾಡೋಕೆ ಬರಲ್ವಾ ನಿಮಗೆ?" ಎಂದು ಅವಳು ಗದರುತ್ತಿದ್ದಳು.

"ಓದು ತಲೆಗೆ ಹತ್ತದೋನು ಎಲ್ಲಿಂದ ಸಹಿ ಮಾಡ್ಲಿ? ನನಗೆ ಹೆಬ್ಬೆಟ್ಟೇ ಗತಿ," ಎಂದು ಅವನು ಹಲ್ಲು ಕಿರಿಯುತ್ತಿದ್ದ.

ಅಕ್ಕ ಹೆಡ್‌ಮಿಸ್, ತಮ್ಮ ಹೆಬ್ಬೆಟ್ಟು. ಆ ಕೋಣೆಯಲ್ಲಿ ಅವನಿಗೆ ಅದೇ ಹೆಸರು ನಿಂತುಬಿಟ್ಟಿತು. ಅವಳು ನುಣುಪು ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಗುರುತನ್ನು ಉಜ್ಜಿ ತೆಗೆದು, ಮತ್ತೆ ಬಳಿಯುತ್ತಿದ್ದಳು. ಗಾಜಿನ ಬೀರುವಿನಲ್ಲಿ ಅವನು ಒಮ್ಮೆಯಾದರೂ ಒತ್ತದ ಬಂಡಿಯಿಲ್ಲ, ಅವಳು ಉಜ್ಜದ ಬಂಡಿಯೂ ಇಲ್ಲ.

ಅವನು ಸತ್ತದ್ದು ಯಾರ್ಡಿನಲ್ಲೇ. ಎಂಜಿನ್ನಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವನ ಹಿಂದೆಯೇ ಆ ಎಂಜಿನ್ನಿಗೂ ವಯಸ್ಸಾಯಿತೆಂದು ಗುಜರಿಗೆ ಬರೆದರು. ಯಾರ್ಡಿನ ಫಿಟ್ಟರ್ ಒಂದು ದಿನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಅಕ್ಕಾ, ಡ್ರೈವರಣ್ಣ ನಮ್ಮ ಎಂಜಿನ್ನಿಂದೇ ಒಂದು ಮಾಡೆಲ್ ಕಟ್ತಿದ್ರಲ್ಲ, ಅದನ್ನ ನೀವು ಮುಗಿಸಿ ಕೊಡ್ತೀರಾ? ಆಫೀಸಲ್ಲಿ ಗಾಜಿನ ಪೆಟ್ಟಿಗೆ ಮಾಡ್ಸಿದೀವಿ. ಇನ್ನು ನಮ್ಮ ಕಣ್ಣಿಗೆ ಉಳಿಯೋದು ಅದೊಂದೇ."

"ಆಯ್ತಪ್ಪ," ಎಂದಳು. ಫಿಟ್ಟರ್ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಅವನಿಗೂ ಟೀ ಮಾಡಿ ಕೊಟ್ಟಳು.

ಎಂಜಿನ್ನು ಗಂಡನ ಮೇಜಿನ ಮೇಲೇ ಇತ್ತು, ಹಳೇ ಬನಿಯನ್ನಿನ ತುಂಡು ಹೊದ್ದುಕೊಂಡು. ಊರವರ ಬಂಡಿಗಳನ್ನೆಲ್ಲ ಕಟ್ಟಿ ತನ್ನದನ್ನು ಕೊನೆಗೆ ಇಟ್ಟುಕೊಂಡಿದ್ದ. ಬೂದು ಅಡಿಬಣ್ಣ, ಪ್ರೈಮರ್, ಆಗಲೇ ಬಳಿದಾಗಿತ್ತು. ಸಾಯುವ ಹಿಂದಿನ ಸಂಜೆ ಅವಳು ಅಂಗಡಿಯಿಂದ ಬರುವುದು ತಡವಾಗಿತ್ತು. ಕಾಯಲಾರದೆ ಅವಳ ಏರ್‌ಬ್ರಷ್ ತಾನೇ ಹಿಡಿದಿದ್ದ. ಅವಳು ಅದನ್ನು ತನ್ನ ಮೇಜಿಗೆ ತಂದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಬಳಿದದ್ದು ಒಂದೆಡೆ ದಪ್ಪ, ಒಂದೆಡೆ ತೆಳು. ಚಾವಣಿಯ ಮೇಲೆ, ಹೊಗೆಕೊಳವೆಯ ಪಕ್ಕಕ್ಕೆ, ಅಗಲವಾದ ಒಂದು ಗುರುತು.

ಕೈ ತನ್ನ ಪಾಡಿಗೆ ಹೋಯಿತು. ಉಪ್ಪುಕಾಗದದ ಚೂರು ಹರಿಯಿತು, ಬಟ್ಟಲಿನ ನೀರಿನಲ್ಲಿ ಅದ್ದಿತು, ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿತು. ಒತ್ತಡ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಬೆಳಕಿಗೆ ಹಿಡಿದಳು. ಕನ್ನಡಿಯ ಹಾಗೆ ನುಣುಪು. ಅವಳಿಗೆ ಎಂದಿನಂತೆ ತೃಪ್ತಿಯಾಯಿತು, ಎಂದಿನಂತೆ ಬೈಯಲು ಬಾಯಿಯೂ ತೆರೆಯಿತು. "ಏನ್ರೀ..." ಎಂದು ಎದುರಿನ ಮೇಜಿನತ್ತ ನೋಡಿದಳು.

ಕುರ್ಚಿಯಲ್ಲಿ ಯಾರೂ ಇರಲಿಲ್ಲ. ತಾನು ಏನನ್ನು ಅಳಿಸಿದೆ ಎಂದು ಆಗ ತಿಳಿಯಿತು.

ಬಟ್ಟಲಿನಲ್ಲಿ ಬೂದುಬಣ್ಣದ ನೀರಿತ್ತು. ಅವನ ಹೆಬ್ಬೆಟ್ಟು ಈಗ ಅದರಲ್ಲಿತ್ತು. ಅವಳು ಎದ್ದು ಹೋಗಿ ಬೀರು ತೆರೆದು ಒಂದೊಂದೇ ಬಂಡಿಯನ್ನು ಬೆಳಕಿಗೆ ಹಿಡಿದಳು. ಟ್ಯಾಂಕರಿನ ಹೊಟ್ಟೆ, ಲಾರಿಯ ಬಾನೆಟ್ಟು, ಬಸ್ಸಿನ ನೆತ್ತಿ, ಬೋಗಿಗಳ ತಳ. ಎಲ್ಲೂ ಇಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ಅವಳದು. ಎಷ್ಟೋ ವರ್ಷ ಕೂತು, ಗಂಡನನ್ನು ಮನೆಯಿಂದ ಚೂರುಚೂರೇ ಉಜ್ಜಿ ತೆಗೆದಿದ್ದಳು, ಅದೂ ನಗುನಗುತ್ತಾ.

ಇಲ್ಲಾದರೂ ಅಳು ಬರಬೇಕಿತ್ತು. ಅವಳು ಬೀರುವಿನ ಮುಂದೆ ನಿಂತು ಕಾದಳು, ಬಸ್ಸಿಗೆ ಕಾಯುವವರ ಹಾಗೆ. ಬರಲಿಲ್ಲ. ಹಾಗಾದರೆ ಅತ್ತಿಗೆ ಹೇಳಿದ್ದೇ ಸರಿ, ತಾನು ಕಲ್ಲು, ಎಂದುಕೊಂಡಳು. ಬಟ್ಟಲಿನ ನೀರನ್ನು ಸಿಂಕಿಗೆ ಚೆಲ್ಲಿ ಬಂದು ಬಣ್ಣ ಬೆರೆಸಲು ಕೂತಳು. ಮಾಡಲು ಬೇರೆ ಏನಿತ್ತು?

ಅವನು ಆ ಎಂಜಿನ್ನಿನ ಬಣ್ಣ ಹೇಳುತ್ತಿದ್ದುದು ಹೀಗೆ: "ಕಿತ್ತಳೆ ಅಲ್ಲ ಕಣೇ, ಕಿತ್ತಳೆ ಸಿಪ್ಪೆ ಬಿಸಿಲಲ್ಲಿ ಒಣಗಿದ್ರೆ ಬರುತ್ತಲ್ಲ, ಅದು." ಕಿತ್ತಳೆಗೆ ಚೂರು ಕಂದು, ಒಂದು ಹನಿ ಬಿಳಿ, ಕಡ್ಡಿಯ ತುದಿಯಷ್ಟು ಹಸಿರು. ಮೊದಲ ಸಲಕ್ಕೇ ಕೂತಿತು. ಕಂಪ್ರೆಸರ್ ಏದುಸಿರು ಬಿಟ್ಟಿತು. ತೆಳ್ಳಗೆ ಒಂದು ಪದರ, ಕಾದು ಇನ್ನೊಂದು, ಮತ್ತೂ ಕಾದು ಮಗದೊಂದು. ಕಾಯುವುದು ಅವಳಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಕೊನೆಯ ಪದರ ಮುಗಿಸಿ ಏರ್‌ಬ್ರಷ್ ತೊಳೆಯುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಒಮ್ಮೆ ಅಲ್ಲ, ಬಿಡದೆ. ಹಾಗೆ ಬಾರಿಸುವವರು ಒಬ್ಬರೇ.

"ಬಾಗಿಲು ತೆಗೆಯೋಕೆ ಇಷ್ಟು ಹೊತ್ತಾ?" ಎನ್ನುತ್ತಲೇ ಅತ್ತಿಗೆ ಒಳಬಂದರು. ಮೂಗಿನ ತುದಿಯ ಕೋಪ ಹಾಗೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು. "ಅವನ ಎಂಜಿನ್ನು ಯಾರ್ಡಿಗೆ ಕೊಡ್ತೀಯಂತೆ. ಹೋಗೋಕೆ ಮುಂಚೆ ನನಗೊಂದ್ಸಲ ತೋರಿಸ್ಬೇಕು ಅಂತ ಅನ್ನಿಸ್ಲಿಲ್ಲ ನಿನಗೆ. ನಾನೇ ಬಂದೆ."

"ಬನ್ನಿ ಅತ್ತಿಗೆ. ಹಿಂದಿನ ಕೋಣೇಲಿದೆ. ಈಗಷ್ಟೇ ಬಳಿದಿದೀನಿ, ಹಸಿ ಇದೆ, ಮುಟ್ಬೇಡಿ."

"ಮುಟ್ಟೋಕೆ ನಾನೇನು ಮಗೂನಾ?" ಎಂದು ಅವರು ಒಳಗೆ ಹೋದರು. ಬಣ್ಣದಕ್ಕ ಅಡುಗೆಮನೆಗೆ ಹೋಗಿ ನೀರು ತಂದಳು.

ಬಂದು ನೋಡಿದರೆ ಅತ್ತಿಗೆ ಅವಳ ಮೇಜಿನ ಮುಂದೆ ನೆಟ್ಟಗೆ ನಿಂತಿದ್ದರು, ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಸಾವಿರಾರು ಮಕ್ಕಳ ಬೆನ್ನ ಹಿಂದಿನ ಕೈಗಳನ್ನು ಮುಂದೆ ಚಾಚಿಸಿದ ಹೆಡ್‌ಮಿಸ್ಸು! ಬಣ್ಣದಕ್ಕನ ಕಣ್ಣು ಎಂಜಿನ್ನಿನ ಮೇಲೆ ಹೋಯಿತು. ಚಾವಣಿಯ ಹಸಿ ಬಣ್ಣದಲ್ಲಿ, ಹೊಗೆಕೊಳವೆಯ ಪಕ್ಕಕ್ಕೆ, ಅಗಲವಾದ, ಮೋಟಾದ, ಗೆರೆಗೆರೆಯೂ ಕಾಣುವ ಗುರುತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಬೆರಳೂ ಹಾಗೆಯೇ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು.

ಅವಳಿಗೇ ತಿಳಿಯುವ ಮೊದಲು ಬಾಯಿಂದ ಹೊರಬಿತ್ತು, ಹಳೆಯ ಗಂಟಲಿನಲ್ಲಿ, ಹಳೆಯ ಜೋರಿನಲ್ಲಿ: "ಏನ್ರೀ ಹೆಬ್ಬೆಟ್ಟು!"

ಅತ್ತಿಗೆ ಕೆಂಡವಾದರು. "ಯಾರನ್ನೇ ಹೆಬ್ಬೆಟ್ಟು ಅಂತೀಯ? ನನ್ನನ್ನಾ? ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಕೈ ಕಣೇ ಇದು!" ಎಂದು ಆ ಕೈಯನ್ನೇ ಮುಂದೆ ತಂದು ಎತ್ತಿ ತೋರಿಸಿದರು. ಹೆಬ್ಬೆರಳ ತುದಿಗೆ ಒಣಗಿದ ಸಿಪ್ಪೆಯ ಬಣ್ಣ ಮೆತ್ತಿಕೊಂಡಿತ್ತು.

ಬಣ್ಣದಕ್ಕನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ನೀರಿನ ಲೋಟವನ್ನು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಗಂಡನ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ನಗುನಗುತ್ತಲೇ ಎಲ್ಲೋ ನಡುವೆ ಉಸಿರು ಸಿಕ್ಕಿಕೊಂಡಿತು. ಜೋಮು ಹಿಡಿದಾಗ ಕಾಲು ನೋಯುವುದಿಲ್ಲ, ಬಿಡುವಾಗ ನೋಯುತ್ತದೆ. ಅತ್ತಿಗೆಯ ಕೈ ಹಿಡಿದೆಳೆದು, ಆ ಮೋಟು ಹೆಬ್ಬೆರಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಅವಳು ಮನೆಯೆಲ್ಲ ಕೇಳುವಂತೆ ಅತ್ತಳು.

ಅತ್ತಿಗೆ ಗಾಬರಿಯಾದರು. ಕಣ್ಣೀರು ಹಾಕಲಿಲ್ಲವೆಂದು ಜಗಳ ತೆಗೆದವರು ಅವರೇ ತಾನೇ? ಈಗ ಏನು ಮಾಡಬೇಕೆಂದು ತೋಚದೆ ಅವಳ ತಲೆ ಸವರಿದರು. "ಅಯ್ಯೋ, ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರೇನೇ? ತಪ್ಪಾಯ್ತು, ಬಿಡು. ಬಣ್ಣ ತಾನೇ, ಇನ್ನೊಂದ್ಸಲ ಬಳಿದ್ರಾಯ್ತು. ಅದೇನೋ ಕಾಗದದಲ್ಲಿ ಉಜ್ತೀಯಂತಲ್ಲ, ಕೊಡಿಲ್ಲಿ, ನಾನೇ ಉಜ್ಜಿ ಕೊಡ್ತೀನಿ."

ಅವರು ಉಪ್ಪುಕಾಗದದ ಕಡೆ ಕೈ ಚಾಚಿದರು. ಬಣ್ಣದಕ್ಕ ಹಿಡಿದ ಬೆರಳನ್ನು ಬಿಡಲಿಲ್ಲ.

"ಬೇಡ ಅತ್ತಿಗೆ," ಎಂದಳು, ಮೂಗು ಒರೆಸಿಕೊಳ್ಳುತ್ತಾ. "ಹಾಗೇ ಒಣಗ್ಲಿ."