ಮೂರು ತಿಂಗಳು ತುಂಬುವ ತನಕ

ಮೂರು ತಿಂಗಳು ತುಂಬುವ ಮೊದಲು ಬಸಿರಿನ ಸುದ್ದಿ ಹೊರಗೆ ಹೋದರೆ ದೃಷ್ಟಿ ತಾಗುತ್ತದೆ ಎಂಬುದರಲ್ಲಿ ಅತ್ತೆ ಮಂಗಲಾಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ರಕ್ತದ ಕಲೆ ಕಂಡ ಮೇಲೆ ಸೊಸೆ ಮನಿಷಾ ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದಳು. ಅಂಕೋಲೆಯ ಆಸ್ಪತ್ರೆಗೆ ಹೋದರೆ ತಮ್ಮೂರು ಬೇಲೆಕೇರಿಯವರು ಯಾರಾದರೂ ಸಿಕ್ಕಾರೆಂದು ಅತ್ತೆ ಅವಳನ್ನು ಕಾರವಾರಕ್ಕೆ ಕರೆತಂದಳು.

ಬಿಪಿ ನೋಡುತ್ತ ಡಾಕ್ಟರಮ್ಮ ಕೇಳಿದರು, "ಇದಕ್ಕೆ ಮೊದಲು ಬಸಿರಾಗಿದ್ಯಾ?"

"ಇಲ್ಲ, ಇದೇ ಮೊದಲ್ನೇದು," ಅತ್ತೆ ಬಾಯಿ ಹಾಕಿದಳು.

"ಎರಡ್ನೇದು," ಎಂದಳು ಮನಿಷಾ. "ಹೋದ್ವರ್ಷ ಒಂದು ಹೋಯ್ತು."

"ಅದನ್ನೇ ಮುಚ್ಚಿಟ್ರೆ ನಾನು ನೋಡೋದು ಹೇಗೆ? ಆಗ ಯಾರಿಗೆ ತೋರಿಸಿದ್ರಿ?"



"ಯಾರಿಗೂ ಇಲ್ಲ ಡಾಕ್ಟ್ರೆ," ಎಂದಳು ಮನಿಷಾ. "ಮೂರು ತಿಂಗ್ಳು ತುಂಬಿರ್ಲಿಲ್ಲ. ಆಚೆಮನೆಯವ್ರಿಗೆ ಗೊತ್ತಾಗ್ತದೆ ಅಂತ ಅಳೂಕೂ ಬಿಡ್ಲಿಲ್ಲ."