ಮೆಂಗ್ ಲಾನ್ ಮತ್ತು ತಿಳಿನೀರು

ಯಾವ ವಸ್ತುವನ್ನೂ ಮೆಂಗ್ ಲಾನ್ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ನೋಡದೆ ನಂಬುತ್ತಿರಲಿಲ್ಲ. ಸಂತೆಯಲ್ಲಿ ತೋಫು ಮಾರುವವಳು ಇವಳನ್ನು ಕಂಡೊಡನೆ ಬಟ್ಟೆ ಎಳೆದು ಮುಚ್ಚುತ್ತಿದ್ದಳು: "ಮೆಂಗಕ್ಕ, ಇದು ನಿಮ್ಮ ಲ್ಯಾಬಿನ ಅಂಟಲ್ಲ, ಜನ ತಿನ್ನೋದು."

ಚೀನಾದ ದಾಚಿಂಗ್‌ನ ಎಣ್ಣೆಬಾವಿಗಳ ಪ್ರಯೋಗಾಲಯದಲ್ಲಿ ಅವಳ ಕೆಲಸವೂ ಅದೇ. ಹಳೆಯ ಬಾವಿಗಳ ಆಳದ ಕಲ್ಲಿನಲ್ಲಿ ದೊಡ್ಡ ಸಂದುಗಳಾಗಿ, ಎಣ್ಣೆ ಹೊರಡಿಸಲು ಒಳಗೆ ತಳ್ಳಿದ ನೀರೆಲ್ಲ ಅಲ್ಲೇ ಹರಿದುಹೋಗುತ್ತದೆ. ನೀರು ಕುಡಿದು ಸಬ್ಬಕ್ಕಿಯಂತೆ ಉಬ್ಬುವ ಜೆಲ್ ಕಾಳುಗಳು ಆ ಸಂದುಗಳನ್ನು ಮುಚ್ಚಬೇಕು, ಹಿಂದೆಯೇ ಬರುವ ಸಾಬೂನಿನಂಥ ದ್ರಾವಣ ಸಣ್ಣ ರಂಧ್ರಗಳಲ್ಲಿ ಅಡಗಿದ ಎಣ್ಣೆಯನ್ನು ತೊಳೆದು ತರಬೇಕು. ಕಾಳಿನ ಗಟ್ಟಿತನ ಅಳೆಯಲು ಯಂತ್ರಗಳಿದ್ದವು. ಅವಳ ಬೆರಳು ಹೂಂ ಎನ್ನದೆ ಮಾತ್ರ ವರದಿಗೆ ಸಹಿ ಬೀಳುತ್ತಿರಲಿಲ್ಲ.

ಗಂಡ ಲೂ ಹೈಫೆಂಗ್ ಇಪ್ಪತ್ತೆರಡು ವರ್ಷ ನೋಡಿಕೊಂಡಿದ್ದ ಬಾವಿಯ ಸರದಿ ಬಂತು. ಹತ್ತು ಪಾಲಿನಲ್ಲಿ ಒಂಬತ್ತು ನೀರೇ ಬರುತ್ತಿದ್ದ ಆ ಬಾವಿಗೆ ಇದು ಕೊನೆಯ ಔಷಧ.

"ಕಾಳು ನಿಲ್ಲುತ್ತಾ?" ಎಂದು ಕೇಳಿದ.

"ನಿಲ್ಲುತ್ತೆ. ಹಿಸುಕಿ ನೋಡಿದೀನಿ."

ಎರಡು ತಿಂಗಳಿಗೆ ಕಾಳುಗಳು ನೀರಿನ ಜೊತೆ ಮೇಲೆ ಬಂದವು. ಬಾವಿಗೆ ಸಿಮೆಂಟು ಸುರಿದು ಮುಚ್ಚಿದರು. ಲೂ ನಿವೃತ್ತನಾದ.

"ನಂದೇ ತಪ್ಪು ಕಣೇ," ಎಂದ, ಹುಳಿ ಎಲೆಕೋಸಿನ ಸಾರು ಕಲಕುತ್ತ. "ಪಂಪು ಜೋರು ಮಾಡ್ಬಿಟ್ಟೆ. ಕಾಳೆಲ್ಲ ಪುಡಿಯಾಗಿರ್ಬೇಕು."

ಪುಡಿಯಾಗಿರಲಿಲ್ಲ. ಪರೀಕ್ಷೆಗೆ ಅವಳು ಎಂದಿನಂತೆ ಕಾಳುಗಳನ್ನು ತಿಳಿಯಾದ ಉಪ್ಪುನೀರಿನಲ್ಲಿ ನೆನೆಸಿದ್ದಳು. ಬಾವಿಗೆ ಹೋದದ್ದು ಅಕ್ಕಪಕ್ಕದ ಬಾವಿಗಳಿಂದ ಬಂದು ಮರುಬಳಕೆಯಾಗುವ ನೀರು, ಹಳೆಯ ದ್ರಾವಣದ ಜಿಡ್ಡು ಉಳಿದ ನೀರು. ಆ ನೀರನ್ನೇ ತರಿಸಿ ಮತ್ತೆ ನೆನೆಸಿದಳು. ಕಾಳು ನೋಡಲು ಹಾಗೇ ಇತ್ತು. ಹಿಸುಕಲು ಹೋದರೆ ಮೀನಿನ ಹಾಗೆ ಜಾರಿತು. ಕಲ್ಲಿನ ಸಂದಿನಲ್ಲೂ ಹೀಗೇ ಜಾರಿಹೋಗಿತ್ತು.

ನಲವತ್ತು ಜನರ ಸಭೆಯಲ್ಲಿ ಎದ್ದುನಿಂತು, "ತಿಳಿನೀರು ತಗೊಂಡದ್ದು ನನ್ನ ತಪ್ಪು" ಎಂದು ವರದಿ ಓದಿದಳು. ಮನೆಯಲ್ಲಿ ಹೇಳಲಿಲ್ಲ. ಪ್ರಯೋಗಾಲಯದ ಮಾತು ನಿವೃತ್ತನಾದ ಲೂನ ಕಿವಿಗೆ ಬೀಳುವಂತಿರಲಿಲ್ಲ. ಅವನು ಚದುರಂಗದ ಗೆಳೆಯರಿಗೆ ತನ್ನ ಅವಸರದ ಕತೆ ಹೇಳುತ್ತಲೇ ಇದ್ದ. ಅವಳು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಮೂರನೆಯ ಚಳಿಗಾಲ ಅವನು ಆಸ್ಪತ್ರೆ ಸೇರಿದ. ಅಲ್ಲೂ ಅದೇ ಮಾತು. "ಪಂಪಿನ ಕವಾಟ ಒಂದು ಸುತ್ತು ಕಮ್ಮಿ ತಿರುಗಿಸಿದ್ರೆ..."

"ಮಲಕ್ಕೋ ಮುದುಕಾ," ಎಂದಳು. ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ಸಭೆಯೆದುರು ನಿಂತು ತಪ್ಪೊಪ್ಪಿಕೊಳ್ಳುವ ಪ್ರಾಮಾಣಿಕರು ಲೋಕದಲ್ಲಿ ಇನ್ನೂ ಇದ್ದಾರೆ. ಸಭೆ ಕ್ಷಮಿಸದಿದ್ದರೂ ಅವರು ಬದುಕಬಲ್ಲರು. ಅವರು ಹೆದರುವುದು, ಹೇಳಿದ ಕೂಡಲೇ ಕ್ಷಮಿಸಿಬಿಡುವ ಒಬ್ಬರಿಗೆ ಮಾತ್ರ.