ಒಳಗೆ ಕರೆದವರು

"ಒಳಿಕ್ಕೆ ಬಾರೇ ಮುಂಡೆ. ಹೊಸ್ಲಾಗೇ ನಿಂತ್ಕಂಡ್ರೆ ಅಮ್ಮ ಎದ್ದು ನಿನ್ ತಾವ್ಕೆ ಬತ್ತಾಳಾ?"

ಕರೆದವನು ತೋಂಟದಾರ್ಯ. ಅವನ ತೋಟದಲ್ಲಿ ದುಡಿಯುವ ಭೂತಮ್ಮನನ್ನು ಮೂವತ್ತು ವರ್ಷ ಅಮ್ಮನ ಗುಡಿಯ ಚರಂಡಿಯಾಚೆ ನಿಲ್ಲಿಸಿದ್ದೂ ಇದೇ ಬಾಯಿ. ಅಲ್ಲಿಂದ ಕಾಣುತ್ತಿದ್ದುದು ದೀಪದ ಕುಡಿ ಮಾತ್ರ. ಪ್ರತಿ ಹೆರಿಗೆಯಲ್ಲೂ ಅವಳು ಕಾಣದ ಅಮ್ಮನಿಗೆ ಮನಸ್ಸಿನಲ್ಲೇ ಒಂದು ಮುಖ ಕಲ್ಪಿಸಿಕೊಂಡು ಕೂಗಿದ್ದಳು.

ಮೂರು ದಿನದ ಹಿಂದೆ ಆ ತೋಟದಲ್ಲಿ ತೆಂಗಿನಕಾಯಿ ಕೀಳುತ್ತಿದ್ದ ದುರ್ಗಯ್ಯ ಮರದಿಂದ ಬಿದ್ದು ಸತ್ತಿದ್ದ. ಕದಿಯಲು ಹತ್ತಿದ್ದ ಎಂದು ತೋಂಟದಾರ್ಯ ಪೊಲೀಸರಿಗೆ ಹೇಳಿದ್ದ. ಆಗ ಬುಡದಲ್ಲಿ ಕಾಯಿ ಆಯುತ್ತಿದ್ದವಳು ಭೂತಮ್ಮ ಒಬ್ಬಳೇ. ಅವಳು ಅಮ್ಮನ ಮುಂದೆ ಅಂಗೈಯಿಂದ ಕರ್ಪೂರ ಆರಿಸಿ ಆಣೆಯಿಟ್ಟು ಹೇಳಿದ್ದೇ ನಿಜ ಎಂದು ಊರಿನಲ್ಲಿ ತೀರ್ಮಾನವಾಗಿತ್ತು. ಏನು ಹೇಳಬೇಕೆಂದು ತೋಂಟದಾರ್ಯ ಬೆಳಿಗ್ಗೆಯೇ ಕಲಿಸಿದ್ದ. ಅವಳ ಗುಡಿಸಲು ತನ್ನ ಬೇಲಿಯೊಳಗಿದೆ ಎಂದೂ ನೆನಪಿಸಿದ್ದ.

ಚರಂಡಿಯಾಚೆ, ಕೇರಿಯವರ ನಡುವೆ, ದುರ್ಗಯ್ಯನ ಹೆಂಡತಿ ಭೀಮಕ್ಕ ನಿಂತಿದ್ದಳು. ಭೂತಮ್ಮ ಅವಳತ್ತ ನೋಡದೆ ಹೊಸ್ತಿಲು ದಾಟಿದಳು. ಪೂಜಾರಿ ಪಂಚೆ ಎತ್ತಿಕೊಂಡು ಹಿಂದೆ ಸರಿದ. ಅವನ ಪಕ್ಕದಲ್ಲಿ ಅರಿಶಿನದ ನೀರಿನ ಬಕೆಟ್ಟು, ಒಂದು ಹೊಸ ಪೊರಕೆ. ತಾನು ಹೋದ ಮೇಲೆ ನೆಲ ತೊಳೆಯಲಿಕ್ಕೆ ಎಂದು ಅವಳಿಗೆ ಗೊತ್ತಾಯಿತು. ಆ ಪೊರಕೆಯ ಗರಿ ಸೀಳಿ, ಕಡ್ಡಿ ಹೆರೆದು ಕಟ್ಟಿಕೊಟ್ಟವಳು ಅವಳೇ.

ಅಮ್ಮನ ಮುಖ ಅವಳು ಅಂದುಕೊಂಡಂತಿರಲಿಲ್ಲ. ಸಣ್ಣದು, ಎಣ್ಣೆ ಹಿಡಿದು ಕಪ್ಪಾಗಿತ್ತು, ಬಿಸಿಲಲ್ಲಿ ದುಡಿದು ಬಂದವಳ ಹಾಗೆ. ಬೆಳ್ಳಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಈ ಕಣ್ಣಿಗೆ ಸುಳ್ಳು ಹೇಳಲೆಂದೇ ನನ್ನನ್ನು ಒಳಗೆ ಬಿಟ್ಟರು ಎಂದುಕೊಂಡಳು.

ತೋಂಟದಾರ್ಯ ಪೊಲೀಸರಿಗೆ ಕಳಿಸುವ ವಿಡಿಯೊಗೆ ಮೊಬೈಲ್ ಎತ್ತಿ ಹಿಡಿದ. "ಊಂ, ಬೊಗಳು."

ಭೂತಮ್ಮ ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿದಳು.

"ಮಳೆ ಬಂದು ಮರ ಜಾರ್ತೈತೆ ಅಂದ ದುರ್ಗಯ್ಯ. ಲಾರಿ ಬತ್ತೈತೆ, ಹತ್ತಲಾ ಸೂಳೆಮಗನೆ ಅಂತ ನೀವೇ ಹತ್ತಿಸಿದ್ರಿ. ಅವ್ನು ಕಳ್ಳ ಅಲ್ಲ ಕಣ್ರೀ. ಅಮ್ಮನಾಣೆ."

ಮೊಬೈಲ್ ಕೆಳಗಿಳಿಯಿತು. ಇವತ್ತೇ ಗುಡಿಸಲು ಕಿತ್ತು ಬಿಸಾಡಿಸುತ್ತೇನೆ, ಹೊರಗೆ ನಡಿ ಎಂದು ತೋಂಟದಾರ್ಯ ಗದರಿದ. ಪೂಜಾರಿ ಬಕೆಟ್ಟು ಎತ್ತಿಕೊಂಡ.

ಭೂತಮ್ಮ ಅಮ್ಮನ ಎದುರು ಕುಳಿತುಬಿಟ್ಟಳು. ಸುಟ್ಟ ಅಂಗೈಯನ್ನು ತಣ್ಣನೆಯ ಕಲ್ಲುನೆಲಕ್ಕೆ ಊರಿದಳು.

"ಭೀಮಕ್ಕಾ, ಒಳಿಕ್ಕೆ ಬಾರಕ್ಕ. ಇವ್ರೇ ಕರದವ್ರೆ."

ಭೀಮಕ್ಕ ಚರಂಡಿ ದಾಟಿದಳು. ಅವಳ ಹಿಂದೆ ಇನ್ನೊಬ್ಬಳು. ಪೂಜಾರಿಯ ಕೈಯಲ್ಲಿ ಬಕೆಟ್ಟು ತುಳುಕಿ, ಹಳದಿ ನೀರು ಅವನ ಕಾಲ ಮೇಲೆಯೇ ಬೀಳುತ್ತಿತ್ತು.